ಹಳೆ ಮನೆಗೂ ಅರ್ಥಿಂಗ್ ಬೇಕು: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಾನು ಕಲಬುರಗಿಯ ಬ್ರಹ್ಮಪುರ ಕಡೆಯ ಒಬ್ಬ ವೈರ್‌ಮನ್. ಪರ್ಮಿಟ್ ಪಡೆದು 24 ವರ್ಷ ಆಯಿತು. ಬ್ರಹ್ಮಪುರ, ಶಹಾಬಜಾರ್, ಕೋಟೆ ಸುತ್ತಮುತ್ತಲಿನ ಹಳೆ ಮನೆಗಳ ಬೋರ್ಡ್ ಬಿಚ್ಚುತ್ತಲೇ ಇಷ್ಟು ವರ್ಷ ಕಳೆದಿದ್ದೇನೆ. ಆ ಬೋರ್ಡುಗಳ ಹಿಂದೆ ಏನಿದೆ, ಏನಿಲ್ಲ ಅಂತ, ಮುಖ್ಯವಾಗಿ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಬಗ್ಗೆ, ನಿಮಗೆ ಹೇಳಬೇಕಾಗಿದೆ. ಈ ವಿಷಯದಲ್ಲಿ ಕರೆಂಟ್ ಕೊಡುವವರು, ವಿದ್ಯುತ್ ಪರಿವೀಕ್ಷಕರು, ಮಹಾನಗರ ಪಾಲಿಕೆ, ಶಾಲೆ ಅಂಗನವಾಡಿ ನೋಡಿಕೊಳ್ಳುವವರು ಎಲ್ಲರದೂ ಒಂದೊಂದು ಪಾಲಿದೆ. ಅವರನ್ನೆಲ್ಲ ಒಂದು ಕಡೆ ಕೂರಿಸಿ ಮಾತಾಡಿಸುವುದು ನಿಮ್ಮಿಂದ ಮಾತ್ರ ಸಾಧ್ಯ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ನಮ್ಮ ಹಿಂದಿನ ಓಣಿಯಿಂದ ಕೂಗಾಟ ಕೇಳಿಸಿತು. ಓಡಿ ಹೋದೆ. ಆ ಮನೆಯ ಸೊಸೆ ಪಡಸಾಲೆಯಲ್ಲಿ ನೆಲಕ್ಕೆ ಕೂತು ನಡುಗುತ್ತಿದ್ದರು. ಕೂಲರ್‌ಗೆ ನೀರು ಹಾಕಲು ಹೋಗಿ ಒಂದು ಕೈ ಅದರ ತಗಡಿಗೆ ತಾಗಿದೆ. ಕೈ ಬಿಡಿಸಿಕೊಳ್ಳಲು ಆಗಿಲ್ಲ. ಕಾಲ ಕೆಳಗೆ ಶಹಾಬಾದ್ ಪರ್ಸಿ, ಅದರ ಮೇಲೆ ಬಕೆಟ್‌ನಿಂದ ಚೆಲ್ಲಿದ ನೀರು. ಅತ್ತೆಗೆ ಏನು ಹೊಳೆಯಿತೋ, ಸೊಸೆಯನ್ನು ಹಿಡಿದು ಎಳೆಯಲು ಹೋಗದೆ ಸೀದಾ ಓಡಿ ಮೇನ್ ಸ್ವಿಚ್ ಇಳಿಸಿದ್ದಾರೆ. ಅದರಿಂದ ಒಂದಲ್ಲ, ಎರಡು ಜೀವ ಉಳಿದವು. ಸೊಸೆಯ ಅಂಗೈಯಲ್ಲಿ ಎರಡು ಕಡೆ ಸುಟ್ಟ ಗಾಯ ಆಗಿತ್ತು.

ಅವರನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ನಾನು ಬೋರ್ಡ್ ಬಿಚ್ಚಿದೆ. ಮರದ ಪಟ್ಟಿ ಮೇಲೆ ಓಡಿಸಿದ ಹಳೆ ವೈರಿಂಗ್. ರಬ್ಬರ್ ಹೊದಿಕೆ ಒಣಗಿ, ಬೆರಳಿಂದ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಸಾಕೆಟ್‌ಗೆ ಮೂರು ತೂತು ಇದ್ದವು. ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರಲಿಲ್ಲ. ಕರೆಂಟ್ ತರುವ ಫೇಸ್ ಒಂದು, ವಾಪಸ್ ಒಯ್ಯುವ ನ್ಯೂಟ್ರಲ್ ಒಂದು, ಅಷ್ಟೇ. ಕೂಲರಿನ ಪಂಪಿನ ವೈರ್ ಸವೆದು ತಗಡಿಗೆ ತಾಗಿತ್ತು. ತಗಡಿಗೆ ಬಂದ ಕರೆಂಟು ಅರ್ಥ್ ವೈರಿನಲ್ಲಿ ನೆಲಕ್ಕೆ ಹೋಗಬೇಕಿತ್ತು. ಆ ದಾರಿ ಇಲ್ಲದ್ದರಿಂದ ಆ ಹೆಣ್ಣುಮಗಳ ಮೈಯೊಳಗಿಂದ ಹೋಯಿತು.

ಅದೇ ಕೂಲರ್ ಒಂದು ವಾರದಿಂದ ಸಣ್ಣಗೆ ಶಾಕ್ ಕೊಡುತ್ತಿತ್ತಂತೆ. "ಜರಾ ಜುಮ್ ಅಂತಿತ್ರೀ. ಚಪ್ಪಲ್ ಹಾಕ್ಕೊಂಡು ಮುಟ್ಟತಿದ್ವಿ" ಅಂದರು ಅತ್ತೆ. ಈ ಮಾತು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಕಡೆ ಜುಮ್ ಅನ್ನುವ ಕೂಲರ್ ಒಂದು ಸಾಮಾನ್ಯ ಸಂಗತಿ ಆಗಿಬಿಟ್ಟಿದೆ. ಇದು ನನ್ನನ್ನು ತುಂಬಾ ಹೆದರಿಸುತ್ತದೆ ಸರ್.

ಆ ದಿನ ಮನೆ ಯಜಮಾನರು ನನಗೆ ಒಂದು ಪ್ರಶ್ನೆ ಕೇಳಿದರು. "ಇದು ನಮ್ಮಪ್ಪ ಕಟ್ಟಿಸಿದ ಮನಿ. ಹೊಸ ರೂಲ್ಸ್ ಹೊಸ ಮನಿಗಿ ಅಲ್ಲೇನ್ರೀ? ಈಗ ಎಲ್ಲಾ ಕಿತ್ತಿ ಹಾಕ್ಬೇಕಂದ್ರ ರೊಕ್ಕ ಎಲ್ಲಿಂದ ತರಾದು?" ಅವರನ್ನು ಕರೆದುಕೊಂಡು ಸಂಬಂಧಪಟ್ಟ ಒಂದು ಕಚೇರಿಗೂ ಹೋಗಿಬಂದೆ. ಮೇಜಿನ ಆಚೆ ಇದ್ದವರು ಒರಟಾಗಿ ಏನೂ ಮಾತಾಡಲಿಲ್ಲ. ಆದರೆ ಉತ್ತರ ಎರಡೇ ಮಾತಿನದು: ಹಳೆ ಕನೆಕ್ಷನ್‌ಗೆ ಹಳೆ ನಿಯಮ, ಮೀಟರ್‌ನಿಂದ ಒಳಗಿನದು ನಿಮ್ಮ ಜವಾಬ್ದಾರಿ.

ಅವರ ಉತ್ತರದ ಪ್ರಕಾರವೇ ನೋಡೋಣ. ಹಳೆ ನಿಯಮದಲ್ಲಿ ಏನಿತ್ತು?

1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 33ನೇ ನಿಯಮ ಓದಿ. ಕರೆಂಟ್ ಕೊಡುವವರು ಗ್ರಾಹಕರ ಜಾಗದಲ್ಲಿ, ಸರಬರಾಜು ಶುರುವಾಗುವ ಕಡೆಯೇ, ಕೈಗೆ ಸಿಗುವಂತೆ ಒಂದು ಅರ್ಥ್ ಟರ್ಮಿನಲ್, ಅಂದರೆ ಮನೆಯ ಅರ್ಥ್ ವೈರ್ ಕಟ್ಟುವ ಜಾಗ, ಒದಗಿಸಬೇಕು ಮತ್ತು ಅದನ್ನು ಸುಸ್ಥಿತಿಯಲ್ಲಿ ಇಡಬೇಕು ಅಂತ ಅಲ್ಲಿದೆ. ಅದರ ಖರ್ಚನ್ನು ಗ್ರಾಹಕರಿಂದ ವಸೂಲು ಮಾಡಲು ಅವಕಾಶವೂ ಇತ್ತು. 46ನೇ ನಿಯಮ ಇನ್ನೂ ಮುಖ್ಯ. ಕನೆಕ್ಷನ್ ಇರುವ ಪ್ರತಿ ಗ್ರಾಹಕರ ವೈರಿಂಗನ್ನು 5 ವರ್ಷ ಮೀರದಂತೆ ಒಮ್ಮೆ ಪರೀಕ್ಷೆ ಮಾಡಬೇಕು ಅಂತ ಅದು ಹೇಳುತ್ತಿತ್ತು. 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ, ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತೆಯ ಹೊಸ ನಿಯಮಾವಳಿ ತಂದಿತು. ಈ ಎರಡೂ ಅಂಶಗಳು ಅದರಲ್ಲೂ ಬಂದವು. 2023ರಲ್ಲಿ ಅದರ ಜಾಗಕ್ಕೆ ಇನ್ನೊಂದು ನಿಯಮಾವಳಿ ಬಂತು.

ಹಾಗಾದರೆ ಅರ್ಥಿಂಗ್ ಅನ್ನುವುದು ನಿನ್ನೆ ಮೊನ್ನೆ ಬಂದ ನಿಯಮ ಅಲ್ಲ, ಅಲ್ವಾ? ಆ ಯಜಮಾನರ ಅಪ್ಪ ಮನೆ ಕಟ್ಟಿಸಿದ್ದು 1974ರಲ್ಲಿ. ಆಗಲೇ ಆ ಮನೆಗೆ ಅರ್ಥ್ ಟರ್ಮಿನಲ್ ಬರಬೇಕಿತ್ತು. ಅಲ್ಲಿಂದ ಇಲ್ಲಿವರೆಗೆ ಐದು ವರ್ಷಕ್ಕೊಮ್ಮೆ ಯಾರಾದರೂ ಬಂದು ನೋಡಬೇಕಿತ್ತು. ನನ್ನ 24 ವರ್ಷದ ಕೆಲಸದಲ್ಲಿ ಹಳೆ ಓಣಿಯ ಒಂದು ಮನೆಗೂ ಹಾಗೆ ಪರೀಕ್ಷೆಗೆ ಬಂದವರನ್ನು ನಾನು ಕಂಡಿಲ್ಲ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಹಳೆ ಮನೆಗಳ ವೈರಿಂಗ್ ಎಲ್ಲವನ್ನೂ ಕಿತ್ತು ಹೊಸದು ಹಾಕಿಸಿ ಅಂತ ನಾನು ಕೇಳುತ್ತಿಲ್ಲ. ನಿಯಮ ಬದಲಾದಾಗಲೆಲ್ಲ ಮನೆ ಒಡೆಯಲು ಆಗುವುದಿಲ್ಲ. ವೈರಿಂಗ್ ಬಗ್ಗೆ ಐಎಸ್ 732, ಅರ್ಥಿಂಗ್ ಬಗ್ಗೆ ಐಎಸ್ 3043 ಅಂತ ಭಾರತೀಯ ಮಾನಕಗಳಿವೆ. ಅವು ಕಾಲಕಾಲಕ್ಕೆ ಪರಿಷ್ಕರಣೆ ಆಗುತ್ತವೆ. ವೈರಿನ ಬಣ್ಣ, ಬೋರ್ಡಿನ ಮಾದರಿ, ಪೈಪಿನ ಅಳತೆ ಇಂಥವು ಹಳೆ ಮನೆಯಲ್ಲಿ ಹಳೆಯವೇ ಇರಲಿ, ಅಡ್ಡಿಯಿಲ್ಲ. ಅದರಲ್ಲೂ ನಮ್ಮ ಕಡೆಯ ಕಲ್ಲು ಮಣ್ಣಿನ ದಪ್ಪ ಗೋಡೆ ಕೊರೆದು ಪೈಪ್ ಹಾಕುವುದು ಬಹಳ ಕಷ್ಟ. ಆದರೆ ಜೀವ ಉಳಿಸುವ ಭಾಗಕ್ಕೆ ಹಳೆ ಮನೆ, ಹೊಸ ಮನೆ ಅನ್ನುವ ಭೇದ ಮಾಡಬಾರದು.

ಬೇರೆ ದೇಶದವರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಅಮೆರಿಕದಲ್ಲಿ ಅರ್ಥ್ ವೈರ್ ಇಲ್ಲದ ಎರಡು ತೂತಿನ ಸಾಕೆಟ್ ಇರುವ ಹಳೆ ಮನೆಗಳು ಇನ್ನೂ ಇವೆ. ಅಲ್ಲಿನ ರಾಷ್ಟ್ರೀಯ ವಿದ್ಯುತ್ ಕೋಡ್ ಆ ಮನೆಗಳನ್ನೆಲ್ಲ ಮತ್ತೆ ವೈರಿಂಗ್ ಮಾಡಿಸಿ ಅನ್ನುವುದಿಲ್ಲ. ಆದರೆ ಸಾಕೆಟ್ ಬದಲಿಸುವಾಗ, ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸಾಧನದ ರಕ್ಷಣೆಯಲ್ಲಿ ಮೂರು ತೂತಿನದನ್ನು ಹಾಕಲು ಬಿಡುತ್ತದೆ. ಇದಕ್ಕೆ ಅರ್ಥ್ ಇಲ್ಲ ಅಂತ ಅದರ ಮೇಲೆ ಚೀಟಿ ಅಂಟಿಸಬೇಕು. ಅಂದರೆ ಪೂರ್ತಿ ಕೀಳುವುದಕ್ಕೂ ಏನೂ ಮಾಡದೆ ಇರುವುದಕ್ಕೂ ನಡುವೆ ಒಂದು ದಾರಿ ಇದೆ.

ನಮ್ಮಲ್ಲಿ ಆ ಸಾಧನಕ್ಕೆ ಆರ್‌ಸಿಸಿಬಿ ಅನ್ನುತ್ತೇವೆ. ಕೆಲವರು ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ. ಇದರ ಕೆಲಸ ಸುಲಭವಾಗಿ ತಿಳಿಯುವಂಥದ್ದು. ಫೇಸ್‌ನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರುವಷ್ಟರಲ್ಲಿ ಸೆಕೆಂಡಿನ ಒಂದು ಸಣ್ಣ ಭಾಗದೊಳಗೆ ಕರೆಂಟ್ ಕಡಿಯುತ್ತದೆ. ಫ್ಯೂಜ್ ಆಗಲಿ, ಲೋಡ್ ಹೆಚ್ಚಾದರೆ ತಾನೇ ಬಿದ್ದು ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಆಗಲಿ ಈ ಕೆಲಸ ಮಾಡುವುದಿಲ್ಲ. ಒದ್ದೆ ಮೈಯಲ್ಲಿ ಮುಟ್ಟಿದ ಮನುಷ್ಯನೊಳಗೆ ಹರಿಯುವುದು ಸುಮಾರು ಕಾಲು ಆಂಪಿಯರ್. ಜೀವ ಹೋಗಲು ಅಷ್ಟು ಸಾಕು. 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. "ನಮ್ಮನಿಗಿ ಎಂಸಿಬಿ ಹಾಕ್ಸೀವಿ, ಏನೂ ಆಗಲ್ಲ" ಅನ್ನುವವರಿಗೆ ನಾನು ಪ್ರತಿ ಸಲ ಈ ಲೆಕ್ಕ ಹೇಳುತ್ತೇನೆ.

ಬರೀ ಅರ್ಥಿಂಗ್ ಸಾಕು ಅನ್ನುವವರಿಗೂ ಒಂದು ಲೆಕ್ಕ ಇದೆ. ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ಮುದ್ದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಮಣ್ಣು ಒಣಗಿದಂತೆ, ಅರ್ಥ್ ವೈರ್ ನೆಲಕ್ಕೆ ಇಳಿಯುವ ಅರ್ಥಿಂಗ್ ಗುಂಡಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರುತ್ತದೆ. ಎಷ್ಟೋ ಕಡೆ ನಾಲ್ಕೈದು ಅಡಿ ಅಗೆಯುವಷ್ಟರಲ್ಲಿ ಹಾಸುಗಲ್ಲು ಸಿಗುತ್ತದೆ. ಎರಡೂವರೆ ಮೀಟರ್ ಪೈಪ್ ಇಳಿಯುವುದೇ ಇಲ್ಲ. ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದೆ ಅಂದುಕೊಳ್ಳಿ. 230 ವೋಲ್ಟನ್ನು 20ರಿಂದ ಭಾಗಿಸಿದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್ ಎಂಸಿಬಿ ಆಗಲೂ ಬೀಳುವುದಿಲ್ಲ, ಕೂಲರಿನ ತಗಡಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಅದಕ್ಕೇ ಎರಡೂ ಬೇಕು. ಅರ್ಥಿಂಗ್ ಇದ್ದರೆ ಯಾರೂ ಮುಟ್ಟುವ ಮೊದಲೇ ಆರ್‌ಸಿಸಿಬಿ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಮುಟ್ಟಿದ ಮೇಲೆ ಬೀಳುತ್ತದೆ. ಒಂದು ಏಟು ಬಡಿಯುತ್ತದೆ, ಆದರೆ ಕೈ ಬಿಡುತ್ತದೆ.

ಈಗ ನಿಯಮದಲ್ಲೇ ಉಳಿದಿದ್ದ ಒಂದು ಕೊರತೆಯ ವಿಷಯ. 2010ರ ನಿಯಮಾವಳಿಯಲ್ಲಿ 5 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲಿನ ಲೋಡ್‌ಗೆ ಮಾತ್ರ ಈ ಸೋರಿಕೆ ರಕ್ಷಣೆ ಕಡ್ಡಾಯ ಆಗಿತ್ತು. 2015ರ ತಿದ್ದುಪಡಿ ಅದನ್ನು 2 ಕಿಲೋವ್ಯಾಟ್‌ಗೆ ಇಳಿಸಿತು. ಮನೆಗಳಿಗೆ 30 ಮಿಲಿ ಆಂಪಿಯರ್ ಮೀರಬಾರದು ಅಂತಲೂ ಸೇರಿಸಿತು. ಒಳ್ಳೆಯದೇ ಆಯಿತು. ಆದರೆ 2 ಕಿಲೋವ್ಯಾಟ್‌ಗಿಂತ ಕಡಿಮೆ ಲೋಡ್ ಇರುವವರು ಯಾರು ಸರ್? ಹಳೆ ಓಣಿಯವರು, ಆಶ್ರಯ ಮನೆಗಳವರು, ಭಾಗ್ಯಜ್ಯೋತಿ ಕುಟೀರಜ್ಯೋತಿಯಲ್ಲಿ ಕನೆಕ್ಷನ್ ಪಡೆದವರು. ಆ ಕನೆಕ್ಷನ್‌ಗಳು ಬಂದಿದ್ದು ಮನೆಗೊಂದು ಬಲ್ಬ್ ಉರಿಯಲಿ ಅನ್ನುವ ಲೆಕ್ಕದಲ್ಲಿ. ಈಗ ಅದೇ ವೈರಿನ ಮೇಲೆ ಟಿವಿ, ಮಿಕ್ಸಿ, ಫ್ರಿಜ್, ಕೂಲರ್ ಓಡುತ್ತಿವೆ. ಚಳಿಗಾಲದಲ್ಲಿ ನೀರು ಕಾಯಿಸುವ ರಾಡ್ ಒಂದೇ ಒಂದರಿಂದ ಒಂದೂವರೆ ಕಿಲೋವ್ಯಾಟ್ ತಿನ್ನುತ್ತದೆ. ಕಾಗದದಲ್ಲಿ ಲೋಡ್ ಕಡಿಮೆ ಇತ್ತು, ಆದ್ದರಿಂದ ರಕ್ಷಣೆ ಕಡ್ಡಾಯ ಆಗಲಿಲ್ಲ. ಯಾರ ಮನೆಯಲ್ಲಿ ವೈರ್ ಹಳೆಯದೋ, ಗೋಡೆ ತೇವವೋ, ಕೂಲರ್ ಸೆಕೆಂಡ್ ಹ್ಯಾಂಡೋ, ಅವರೇ ಆ ತಿದ್ದುಪಡಿಯ ಹೊರಗೆ ಉಳಿದರು.

2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿಗೆ ಚಾಲನೆ ಕೊಟ್ಟಿದ್ದು ನಮ್ಮ ಕಲಬುರಗಿಯಲ್ಲೇ. ಬಿಲ್ಲಿನ ಚಿಂತೆ ಕಡಿಮೆ ಆದ್ದರಿಂದ ಬಡವರ ಮನೆಗೂ ಕೂಲರ್ ಬಂತು. ಅದನ್ನು ನೋಡಿ ನನಗೆ ಸಂತೋಷವೇ ಆಯಿತು. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಬಿಸಿಲು. ತಗಡಿನ ಮನೆಯಲ್ಲಿ ಕೂಸು ಮಲಗಿಸುವ ತಾಯಿಗೆ ಕೂಲರ್ ಒಂದು ಶೋಕಿ ಅಲ್ಲ. ಆ ಕೂಲರಿನ ಜೊತೆಗೆ ಒಂದು ಆರ್‌ಸಿಸಿಬಿಯೂ ಬಂದಿದ್ದರೆ ಅನ್ನುವುದಷ್ಟೇ ನನ್ನ ಕೊರಗು.

ಹಳೆ ಮನೆಗಳಲ್ಲಿ ನಾನು ಕಂಡ ಇನ್ನೆರಡು ಅಪಾಯಗಳನ್ನು ಹೇಳಲೇಬೇಕು. ಇವು ಹೊರಗಿನಿಂದ ಸರಿಯಾಗೇ ಕಾಣುತ್ತವೆ. ಮೊದಲನೆಯದು, ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ತಂದು ಅರ್ಥ್ ಪಿನ್ನಿಗೆ ಕಟ್ಟುವುದು. ಟೆಸ್ಟ್ ಲ್ಯಾಂಪ್ ಹಾಕಿದರೆ ಚೆನ್ನಾಗಿ ಉರಿಯುತ್ತದೆ. ಮನೆಯವರು ಅರ್ಥಿಂಗ್ ಇದೆ ಅಂದುಕೊಳ್ಳುತ್ತಾರೆ. ಒಂದು ದಿನ ಕಂಬದಲ್ಲೋ ಮೇನ್‌ನಲ್ಲೋ ನ್ಯೂಟ್ರಲ್ ಕಿತ್ತರೆ, ಆ ಮನೆಯ ಫ್ರಿಜ್, ಕೂಲರ್, ವಾಷಿಂಗ್ ಮಷೀನ್ ಎಲ್ಲದರ ಮೈಗೂ ಒಟ್ಟಿಗೆ ಕರೆಂಟು ಬರುತ್ತದೆ. ನಮ್ಮ ಕಸುಬಿನವರೇ ಕೆಲವರು ಹೀಗೆ ಮಾಡುತ್ತಾರೆ. ಅದು ತಪ್ಪು, ನಾಚಿಕೆಪಡುವಂಥ ತಪ್ಪು.

ಎರಡನೆಯದು, ನಳದ ಪೈಪಿಗೆ ಅರ್ಥ್ ಕಟ್ಟಿದ ಮನೆಗಳು. ಹಿಂದೆ ಕಬ್ಬಿಣದ ಪೈಪ್ ನೆಲದೊಳಗೆ ದೂರದವರೆಗೆ ಹೋಗುತ್ತಿತ್ತು, ಹೇಗೋ ನಡೆಯುತ್ತಿತ್ತು. ನಮ್ಮ ಓಣಿಯಲ್ಲಿ ಆ ಪೈಪ್ ತೆಗೆದು ಪ್ಲಾಸ್ಟಿಕ್ ಪೈಪ್ ಹಾಕಿದರು. ಮನೆಯೊಳಗೆ ಹಸಿರು ವೈರ್ ಹಾಗೇ ಇದೆ, ನಳಕ್ಕೆ ಬಿಗಿದ ಕ್ಲಾಂಪ್ ಹಾಗೇ ಇದೆ. ನೆಲಕ್ಕೆ ಹೋಗುವ ದಾರಿ ಮಾತ್ರ ಇಲ್ಲ. ಈಗ ಒಂದು ಯಂತ್ರದಲ್ಲಿ ಕರೆಂಟ್ ಸೋರಿದರೆ ಬಚ್ಚಲ ಮನೆಯ ನಳದಲ್ಲೂ ಶಾಕ್ ಬರುತ್ತದೆ. ಪೈಪ್ ಬದಲಿಸುವಾಗ ಯಾರಾದರೂ ಒಬ್ಬರು ಬಂದು ಮನೆಯವರಿಗೆ ಈ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಆದ್ದರಿಂದ ನನ್ನ ಕೋರಿಕೆಗಳು ಇವು.

ಮೊದಲು, ನಿಯಮದಲ್ಲಿ ಇದ್ದೂ ನಡೆಯದ ಐದು ವರ್ಷದ ತಪಾಸಣೆ ಶುರುವಾಗಲಿ. ಇಡೀ ಜಿಲ್ಲೆಯನ್ನು ಒಂದೇ ವರ್ಷದಲ್ಲಿ ನೋಡಲು ಆಗುವುದಿಲ್ಲ ಅಂತ ನನಗೂ ಗೊತ್ತು. ಹಳೆ ಓಣಿಗಳಿಂದ, ಎರಡು ವೈರಿನ ಕನೆಕ್ಷನ್‌ಗಳಿಂದ ಶುರು ಮಾಡಿ. ಪ್ರತಿ ಮನೆಯಲ್ಲಿ, ವೈರಿನ ಹೊದಿಕೆ ಗಟ್ಟಿ ಇದೆಯೇ ಅಂತ ಅಳೆಯುವ ಮೆಗ್ಗರ್ ಹಚ್ಚಿ ನೋಡಲಿ. 500 ವೋಲ್ಟ್ ಡಿಸಿ ಕೊಟ್ಟಾಗ ಆ ಹೊದಿಕೆಯ ರೆಸಿಸ್ಟೆನ್ಸ್ ಕನಿಷ್ಠ 1 ಮೆಗಾಓಮ್ ಬರಬೇಕು ಅನ್ನುವುದು ಹಳೆ ಅಳತೆಯೇ. ಒಂದು ಮನೆಗೆ ಅರ್ಧ ಗಂಟೆ ಸಾಕು. ಆದರೆ ದೋಷ ಕಂಡ ತಕ್ಷಣ ಕನೆಕ್ಷನ್ ಕಿತ್ತುಕೊಂಡು ಹೋಗಬೇಡಿ. ಜನ ತಪಾಸಣೆಗೆ ಹೆದರುವುದೇ ಅದಕ್ಕೆ. ಕೆಟ್ಟ ಸರ್ಕ್ಯೂಟ್ ಒಂದನ್ನು ಮಾತ್ರ ಬೇರ್ಪಡಿಸಿ, ಉಳಿದದ್ದನ್ನು ಸರಿಪಡಿಸಲು ಎರಡು ತಿಂಗಳು ಸಮಯ ಕೊಡಿ. ಕೈಯಲ್ಲಿ ಒಂದು ಕನ್ನಡದ ಚೀಟಿ ಕೊಡಿ, ಏನು ಕೆಟ್ಟಿದೆ ಅಂತ.

ಹಾಗೇ, ಮೀಟರ್ ಹತ್ತಿರ ಅರ್ಥ್ ಟರ್ಮಿನಲ್ ಎಷ್ಟು ಮನೆಗಳಿಗೆ ಇದೆ, ಎಷ್ಟಕ್ಕೆ ಇಲ್ಲ ಅಂತ ಒಂದು ಲೆಕ್ಕ ತೆಗೆಸಿ. ಮೀಟರ್ ಓದುವವರು ಪ್ರತಿ ತಿಂಗಳು ಮನೆಮನೆಗೆ ಹೋಗುತ್ತಾರೆ. ಇದೆ ಅಥವಾ ಇಲ್ಲ ಅಂತ ಬರೆದುಕೊಂಡು ಬರಲು ದೊಡ್ಡ ಖರ್ಚು ಬೇಕಿಲ್ಲ. ಒಂದೊಂದು ಮನೆಗೆ ಗುಂಡಿ ತೋಡಲು ಜಾಗ ಇಲ್ಲದ ಕಡೆ ನಾಲ್ಕೈದು ಮನೆಗೆ ಸೇರಿ ಒಂದು ಒಳ್ಳೆಯ ಅರ್ಥಿಂಗ್ ಮಾಡಬಹುದು. ಕಲ್ಲು ಸಿಕ್ಕ ಕಡೆ ಪೈಪಿನ ಬದಲು ಪಟ್ಟಿಯನ್ನು ಅಡ್ಡಲಾಗಿ ಹೂಳಬಹುದು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವುದು ಯಾರ ಕೆಲಸ ಅಂತಲೂ ಮೊದಲೇ ಗೊತ್ತು ಮಾಡಬೇಕು.

2 ಕಿಲೋವ್ಯಾಟ್‌ಗಿಂತ ಕೆಳಗಿನ ಮನೆಗಳಿಗೆ ಆರ್‌ಸಿಸಿಬಿ ಹಾಕಿಸಲು ಜಿಲ್ಲಾ ಮಟ್ಟದಲ್ಲಿ ಒಂದು ಯೋಜನೆ ಮಾಡಿ ಅನ್ನುವುದು ನನ್ನ ದೊಡ್ಡ ಬೇಡಿಕೆ. 2015ರ ತಿದ್ದುಪಡಿ ಇವರಿಗೆ ಕಡ್ಡಾಯ ಮಾಡಲಿಲ್ಲ, ನಿಜ. ಹಾಕಬಾರದು ಅಂತಲೂ ಹೇಳಿಲ್ಲ. ಸಾಧನ, ಡಬ್ಬಿ, ಕೂಲಿ ಸೇರಿ ಒಂದು ಮನೆಗೆ ಎರಡು ಮೂರು ಸಾವಿರ ರೂಪಾಯಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದಕ್ಕೆ ಜಾಗ ಇದೆಯೇ ಅಂತ ದಯವಿಟ್ಟು ವಿಚಾರಿಸಿ. ಸರ್ಕಾರಿ ಶಾಲೆ, ಅಂಗನವಾಡಿ, ಹಾಸ್ಟೆಲ್‌ಗಳಿಂದ ಶುರುವಾದರೆ ಇನ್ನೂ ಒಳ್ಳೆಯದು. ಅಲ್ಲಿ ನೀರಿನ ಫಿಲ್ಟರ್, ಮೋಟಾರ್ ಇರುತ್ತವೆ, ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ.

ಇದರಲ್ಲಿ ಒಂದು ತೊಡಕಿದೆ, ಅದನ್ನೂ ಮುಚ್ಚಿಡುವುದಿಲ್ಲ. ಹಳೆ ವೈರಿಂಗ್‌ಗೆ ಆರ್‌ಸಿಸಿಬಿ ಹಾಕಿದರೆ ಮೊದಲ ದಿನವೇ ಮತ್ತೆ ಮತ್ತೆ ಬೀಳುತ್ತದೆ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡು ಎರಡು ಮೀಟರ್ ಹಾಕಿಸಿ, ಒಳಗೆ ನ್ಯೂಟ್ರಲ್ ಮಾತ್ರ ಒಂದೇ ಉಳಿಸಿಕೊಂಡ ಮನೆಗಳು ಇಲ್ಲಿ ಬಹಳ ಇವೆ. ಅಲ್ಲಂತೂ ಅದು ನಿಲ್ಲುವುದೇ ಇಲ್ಲ. ಜನ ಬೇಸತ್ತು ಅದನ್ನು ಬೈಪಾಸ್ ಮಾಡಿಸುತ್ತಾರೆ. ಸುಮ್ನೆ ಡಬ್ಬಿ ಹಂಚಿ ಫೋಟೋ ತೆಗೆಸಿಕೊಂಡರೆ ಆರು ತಿಂಗಳಲ್ಲಿ ಎಲ್ಲವೂ ವ್ಯರ್ಥ ಆಗುತ್ತದೆ. ಹಾಕುವವರು ಕೂತು ಸೋರಿಕೆ ಹುಡುಕಬೇಕು. ಕೆಟ್ಟ ವೈರ್ ಅಷ್ಟನ್ನೇ ಬದಲಿಸಬೇಕು. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡುವುದನ್ನು ಮನೆಯ ಹೆಣ್ಣುಮಕ್ಕಳಿಗೆ ಕಲಿಸಬೇಕು. ಕೂಲರ್‌ಗೆ ನೀರು ಹಾಕುವವರು ಅವರೇ ತಾನೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ನೀರು ಹಾಕಿ ಅನ್ನುವುದನ್ನೂ ಅದೇ ಹೊತ್ತಿಗೆ ಹೇಳಬಹುದು.

ಬಾಡಿಗೆ ಮನೆಗಳ ಬಗ್ಗೆಯೂ ಒಂದು ಆದೇಶ ಬೇಕು. ಬಾಡಿಗೆಯವರು ಕೇಳಿದರೆ ಮಾಲೀಕರು "ಬ್ಯಾಡಂದ್ರ ಮನಿ ಬಿಡ್ರಿ" ಅನ್ನುತ್ತಾರೆ. ಓದಲು ಬಂದ ಹುಡುಗರ ರೂಮುಗಳಲ್ಲಿ ನೀರು ಕಾಯಿಸುವ ರಾಡ್ ಎರಡು ಪಿನ್ನಿನ ಪ್ಲಗ್‌ನಲ್ಲಿ ಓಡುವುದನ್ನು ನಾನು ದಿನಾ ನೋಡುತ್ತೇನೆ.

ಆ ಮನೆಯ ಕೆಲಸ ನಾನೇ ಮಾಡಿದೆ. ಹಿತ್ತಲಲ್ಲಿ ಅರ್ಥಿಂಗ್ ಗುಂಡಿ ತೋಡಿದೆವು. ಐದು ಅಡಿಗೆ ಕಲ್ಲು ಸಿಕ್ಕಿತು, ಅಡ್ಡ ಪಟ್ಟಿ ಹೂಳಿ ಇದ್ದಿಲು ಉಪ್ಪು ತುಂಬಿದೆವು. ಕೂಲರ್, ಫ್ರಿಜ್, ಬಚ್ಚಲು ಈ ಮೂರು ಕಡೆಗೆ ಮಾತ್ರ ಹೊಸ ಮೂರು ವೈರ್ ಎಳೆದೆ. ಮೇನ್‌ನಲ್ಲಿ ಆರ್‌ಸಿಸಿಬಿ ಹಾಕಿದೆ. ಉಳಿದ ಮರದ ಪಟ್ಟಿ ಅಲ್ಲೇ ಇದೆ, ಅದರ ಮೇಲಿನ ಕೆಟ್ಟ ವೈರ್ ಅಷ್ಟನ್ನು ಬದಲಿಸಿದೆ. ಎರಡೂವರೆ ದಿನದ ಕೆಲಸ. ಯಜಮಾನರು ಹೆದರಿದ್ದಷ್ಟು ಖರ್ಚು ಬರಲಿಲ್ಲ.

ಬೇಸಿಗೆ ಬರುವ ಮೊದಲು, ಮಾರ್ಚ್‌ಗೆ ಮುಂಚೆ, ಸಂಬಂಧಪಟ್ಟ ಎಲ್ಲರನ್ನೂ ಕರೆದು ಒಂದು ಸಭೆ ಮಾಡಿ ಅಂತ ಕೈಮುಗಿದು ಕೇಳುತ್ತೇನೆ. ಆ ಸಭೆಗೆ ಪರ್ಮಿಟ್ ಇರುವ ವೈರ್‌ಮನ್‌ಗಳನ್ನೂ ಕರೆಯಿರಿ. ಒಂದು ಓಣಿಯನ್ನು ಮಾದರಿಗೆ ಆರಿಸಿಕೊಳ್ಳುವುದಾದರೆ ನಮ್ಮ ಓಣಿಯಿಂದಲೇ ಶುರು ಮಾಡಬಹುದು, ಅಲ್ಲಿ 38 ಮನೆಗಳಿವೆ. ಮೆಗ್ಗರ್ ನನ್ನ ಹತ್ತಿರ ಇದೆ. ಭಾನುವಾರಗಳಂದು ನಾನು ಕೂಲಿ ಇಲ್ಲದೆ ಬಂದು ಪರೀಕ್ಷೆ ಮಾಡಿಕೊಡುತ್ತೇನೆ. ಇನ್ನೂ ಮೂವರು ಗೆಳೆಯರು ಬರುತ್ತೇವೆ ಅಂದಿದ್ದಾರೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವೈರ್‌ಮನ್
ಬ್ರಹ್ಮಪುರ, ಕಲಬುರಗಿ